ಬಂಡೆ ಯಾವುದು?



ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯವರಿಗೆ ಬಂಡೆಯ ಪರಿಚಯ ಹೇಳಬೇಕಿಲ್ಲ. ರಾಯಚೂರು ಕೋಟೆಯ 1294ರ ಶಾಸನವೇ ಬೃಹತ್ ಶಿಲೆಯ ಮೇಲಿದೆ.

ಸಂತ ಮತ್ತಾಯರ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಧರ್ಮಸಭೆಗೆ ಅಡಿಪಾಯವೆಂದು ನುಡಿದ ಬಂಡೆ ಯಾವುದು? ಸಂತ ಪೇತ್ರರೇ ಎನ್ನುತ್ತೇವೆ ನಾವು. ಪೇತ್ರರು ಅರಿಕೆಮಾಡಿದ ವಿಶ್ವಾಸ, ಇಲ್ಲವೆ ಸ್ವತಃ ಕ್ರಿಸ್ತರು ಎನ್ನುತ್ತಾರೆ ಪ್ರೊಟೆಸ್ಟೆಂಟ್ ಬಂಧುಗಳಲ್ಲಿ ಅನೇಕರು. ಅರಮೇಯ ಭಾಷೆಯಲ್ಲಿ ‘ಕೇಫ’ ಒಂದೇ ಪದವೆಂಬುದು ನಮ್ಮ ವಾದ. ಗ್ರೀಕಿನಲ್ಲಿ ‘ಪೆತ್ರೋಸ್’, ‘ಪೆತ್ರ’ ಎರಡು ಪದಗಳೆಂಬುದು ಅವರದು. ಸಂತ ಅಗಸ್ಟೀನರು ಪೇತ್ರರು, ಕ್ರಿಸ್ತರು ಎಂಬ ಎರಡು ಅರ್ಥಗಳನ್ನೂ ಹೇಳಿ, ಆಯ್ಕೆಯನ್ನು ಓದುಗನಿಗೇ ಬಿಟ್ಟರು. 1992ರ ನಮ್ಮ ಧರ್ಮೋಪದೇಶ ಗ್ರಂಥವೂ ಪೇತ್ರರ ವಿಶ್ವಾಸವನ್ನು ಬಂಡೆಯೆಂದು ಕರೆಯುತ್ತದೆ.

ಪೇತ್ರರ ಸ್ಥಾನವನ್ನು ನಾವು ಬಿಟ್ಟುಕೊಡುವುದಿಲ್ಲ. ಆದರೆ ಅಣ್ಣ ಬಲಿಪೂಜೆಗೂ ತಮ್ಮ ಮೆಥಡಿಸ್ಟ್ ಆರಾಧನೆಗೂ ಹೋಗುವ ಮನೆಯಲ್ಲಿ, ಅಡಿಪಾಯದ ಬಂಡೆಯನ್ನು ಒಡೆದು ಎಸೆಯುವ ಕಲ್ಲಾಗಿಸದಿರೋಣ.