ಮನೆಯ ತಂತಿಗೆ ಇನ್ನಷ್ಟು ಕವಲು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸದಸ್ಯರೊಬ್ಬರ ಮನೆಯ ಕಷ್ಟವೇ ಇಂದಿನ ವಿಷಯ. ಅಣ್ಣತಮ್ಮಂದಿರ ಎರಡು ಸಂಸಾರ; ಇಂಟರ್‌ನೆಟ್ಟಿನ ರೌಟರು ಒಂದೇ. ಟಿ.ವಿ., ಮನೆಯಲ್ಲಿ ಕುಳಿತು ಲೆಕ್ಕ ಬರೆಯುವ ಸೊಸೆಯ ಕಂಪ್ಯೂಟರು, ಮಕ್ಕಳಿಬ್ಬರ ಎರಡು ಕಂಪ್ಯೂಟರು. ಅಲ್ಲಿಗೆ ರೌಟರಿನ ನಾಲ್ಕು ಪೋರ್ಟುಗಳೂ ತುಂಬಿದವು. ಊರಿನಿಂದ ಕಾಲೇಜಿಗೆಂದು ಬಂದ ಹುಡುಗನಿಗೆ ಎಡೆಯಿಲ್ಲ. ವೈಫೈ ಇದೆಯಲ್ಲ ಎನ್ನುವಿರಿ. ಚಾಳಿನ ಖೋಲಿ ಖೋಲಿಗೂ ವೈಫೈ ಇರುವಾಗ ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಪರೀಕ್ಷೆಯ ಹೊತ್ತಿಗೆ ತಂತಿಯೇ ನಂಬಿಗಸ್ತ. ಅಂಗಡಿಯವರೊಬ್ಬರು ಎರಡನೆಯ ಕನೆಕ್ಷನ್ ತೆಗೆದುಕೊಳ್ಳಿರೆಂದರಂತೆ. ಅಂದರೆ ಪ್ರತಿ ತಿಂಗಳೂ ಇನ್ನೊಂದು ಬಿಲ್ಲು; ಊರಿಗೆ ಕಳುಹಿಸುವ ಹಣಕ್ಕೇ ಕತ್ತರಿ.

ಬಂಧುಗಳೇ, ಅದರ ಅಗತ್ಯವಿಲ್ಲ. ಐದು ಪೋರ್ಟುಗಳ ಸಣ್ಣ ಸ್ವಿಚ್ ಒಂದು ಸಾಕು. ಇದು ದೀಪದ ಸ್ವಿಚ್ಚಲ್ಲ, ಅಂಗೈಯಗಲದ ಪೆಟ್ಟಿಗೆ. ಒಮ್ಮೆ ಕೊಂಡರಾಯಿತು, ತಿಂಗಳ ಬಾಡಿಗೆಯಿಲ್ಲ. ರೌಟರಿನ ಒಂದು ಪೋರ್ಟನ್ನು ಬಿಡಿಸಿ, ಅಲ್ಲಿಂದ ಸ್ವಿಚ್ಚಿಗೆ ಕೇಬಲ್ ಎಳೆದು, ಅದಕ್ಕೆ ಕರೆಂಟು ಕೊಡಿರಿ. ರೌಟರಿನಲ್ಲಿ ಮೂರು, ಸ್ವಿಚ್ಚಿನಲ್ಲಿ ನಾಲ್ಕು, ಒಟ್ಟು ಏಳು ಯಂತ್ರಗಳಿಗೆ ಎಡೆಯಾಯಿತು.

1973ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಮೆಟ್ಕಾಫ್, ಡೇವಿಡ್ ಬಾಗ್ಸ್ ಎಂಬವರು ಈ ಈಥರ್ನೆಟ್ ಪದ್ಧತಿಯನ್ನು ಆರಂಭಿಸಿದಾಗ ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್. ಇಬ್ಬರು ಒಟ್ಟಿಗೆ ಮಾತನಾಡಿದರೆ ಗದ್ದಲ. ಸ್ವಿಚ್ ಹಾಗಲ್ಲ. ದೋಸೆ ಹೇಳಿದ ಮೇಜಿಗೇ ಮಾಣಿ ದೋಸೆ ಒಯ್ಯುವಂತೆ, ಯಾವ ಯಂತ್ರ ಯಾವ ಪೋರ್ಟಿನಲ್ಲಿದೆಯೆಂದು ತಿಳಿದು ಅಲ್ಲಿಗೇ ಮುಟ್ಟಿಸುತ್ತದೆ.

ಕೇಬಲ್ ಕೊಳ್ಳುವಾಗ ಕ್ಯಾಟ್ 5ಇ ಅಥವಾ ಅದಕ್ಕೂ ಮೇಲಿನದನ್ನು ಕೇಳಿರಿ. ಅದರಲ್ಲಿ ಎಂಟು ಎಳೆಗಳು, ಎರಡೆರಡನ್ನು ಹುರಿ ಮಾಡಿದ ನಾಲ್ಕು ಜೋಡಿಗಳು. ಮಿಲ್ಲಿನಲ್ಲಿ ದುಡಿದ ಹಿರಿಯರು ಬಲ್ಲರು, ಹುರಿಯಿಂದ ನೂಲಿಗೆ ಬಲ. ಇಲ್ಲಿ ಹುರಿಯು ಹೊರಗಿನ ವಿದ್ಯುತ್ತಿನ ಗದ್ದಲವನ್ನು ತಡೆಯುತ್ತದೆ. ಒಂದು ಎಳೆತದಲ್ಲಿ 100 ಮೀಟರಿನವರೆಗೆ ಒಯ್ಯಬಹುದು. ನಮ್ಮ ಖೋಲಿಗಳಿಗೆ ಧಾರಾಳವಾಯಿತು.

ಎರಡು ಎಚ್ಚರಿಕೆ. ಒಂದೇ ಕೇಬಲಿನ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಬೇಡಿರಿ. ಮಾತು ಸುತ್ತಿ ಸುತ್ತಿ ಇಡೀ ಮನೆಯ ಜಾಲವೇ ನಿಂತೀತು. ಎರಡನೆಯದು ಇನ್ನೂ ಮುಖ್ಯ. ನಲ್ಲಿ ಹೆಚ್ಚಿಸಿದ ಮಾತ್ರಕ್ಕೆ ಟಾಂಕಿಯ ನೀರು ಹೆಚ್ಚುವುದಿಲ್ಲ. ಹೊರಗಿನಿಂದ ಬರುವ ಇಂಟರ್‌ನೆಟ್ ಮೊದಲಿನಷ್ಟೇ; ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಹುಡುಗ ಪರೀಕ್ಷೆಗೆ ಕುಳಿತಾಗ ಹಿರಿಯರು ಟಿ.ವಿ. ಆರಿಸಬೇಕು.

ಪೆಟ್ಟಿಗೆ ಅಂಗಡಿಯಲ್ಲಿ ಸಿಕ್ಕೀತು. ಈ ಹೊಂದಾಣಿಕೆ ನಮ್ಮಲ್ಲೇ ಹುಟ್ಟಬೇಕು. ಒಂದೇ ಖೋಲಿಯಲ್ಲಿ ಹತ್ತು ಜನ ಬಾಳಿದ ನಮಗೆ ಇದು ಹೊಸ ಪಾಠವೇನಲ್ಲ.