ಟೆಲಿವಿಷನ್ ಪಾಠವೂ ನಮ್ಮ ಮಕ್ಕಳೂ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಪುಸ್ತಕ ಹಿಡಿದವನು. ಸಂಜೆ ಈ ವಾಚನಾಲಯದ ಬಾಗಿಲು ತೆಗೆಯುವುದೇ ನನ್ನ ಸೇವೆ. ಆದ್ದರಿಂದ ಕಂಡದ್ದನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇನೆ.

ಕೊರೋನಾ ಬೇನೆಯಿಂದ 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳು ಇಲ್ಲಿ ಒಂದರಿಂದ ಎಂಟನೆಯ ತರಗತಿಯವರಿಗೆ ತೆರೆದದ್ದು 2021ರ ನವೆಂಬರ್ 1ರಂದು. ನನ್ನ ಮಗಳು ಒಂದನೆಯ ತರಗತಿಗೆ ಸೇರಿದ್ದು ಆ ಕಾಲದಲ್ಲೇ. 2019ರಲ್ಲಿ ಆರಂಭವಾಗಿದ್ದ ಸರಕಾರದ ಕಲ್ವಿ ಟೆಲಿವಿಷನ್ನೇ ಅವಳಿಗೆ ಮೇಷ್ಟರಾಯಿತು. ಕೇರಳದಲ್ಲಿ 2020ರ ಜೂನ್ 1ರಿಂದ 'ಫಸ್ಟ್ ಬೆಲ್' ಪಾಠಗಳು ನಡೆದವು. ಅಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳನ್ನು ಸಿದ್ಧಪಡಿಸಿದರು. ಕರ್ನಾಟಕದ ಹೈಸ್ಕೂಲು ಮಕ್ಕಳಿಗೆ ಚಂದನದಲ್ಲಿ 'ಸೇತುಬಂಧ' ಬಂತು. ದುಬಾರಿ ಫೋನು ಕೊಳ್ಳಲಾಗದ ಮನೆಗಳಿಗೆ ಇದು ದೊಡ್ಡ ಉಪಕಾರವೇ ಸರಿ.

ಮಗಳು ಪೆಟ್ಟಿಗೆಯೊಡನೆ ಅಕ್ಷರಗಳನ್ನು ಗಿಣಿಯಂತೆ ಒಪ್ಪಿಸುತ್ತಿದ್ದಳು. ನಾನೂ ಹಿಗ್ಗಿದೆ. ಒಂದು ರಾತ್ರಿ ಸ್ಲೇಟು ಕೊಟ್ಟು "ಬರಿ, ಮಗಳೇ" ಎಂದರೆ ಬಳಪ ಹಿಡಿದು ಸುಮ್ಮನೆ ಕುಳಿತಳು. "ಅಪ್ಪಾ, ಟೀವಿ ಟೀಚರ್ ಕೇಳಿದಾಗಲೆಲ್ಲ ಹೇಳಿದೆ, ಅವರು ನನ್ನ ಕಡೆ ನೋಡಲೇ ಇಲ್ಲ" ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಪೆಟ್ಟಿಗೆ ಹೇಳಬಲ್ಲದು, ತೋರಿಸಬಲ್ಲದು. ಮಗು ಹೇಳಿದ್ದನ್ನು ಕೇಳಿ ತಿದ್ದಲಾರದು. ಆ ಕೆಲಸ ನನ್ನದಾಗಿತ್ತು. ಮರುದಿನದಿಂದ ಗಿರಣಿಯಿಂದ ಬಂದೊಡನೆ ಕಾಲು ಗಂಟೆ ಅವಳೇ ಮೇಷ್ಟರು, ನಾನು ಶಿಷ್ಯ. ಅಂದು ನೋಡಿದ್ದನ್ನು ನನಗೆ ಹೇಳಿಕೊಡಬೇಕು, ಸ್ಲೇಟಿನಲ್ಲಿ ಬರೆದು ತೋರಿಸಬೇಕು. ತಮಿಳು ಅಕ್ಷರದ ಪಕ್ಕದಲ್ಲೇ ಕನ್ನಡದ್ದನ್ನೂ ಬರೆಸಿದೆ. ಶಾಲೆ ತೆರೆಯುವ ಹೊತ್ತಿಗೆ ಎರಡನ್ನೂ ತಡವರಿಸುತ್ತಲಾದರೂ ಓದಿದಳು.

ಇದು ನನ್ನ ಶೋಧವಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದರು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಮಕ್ಕಳು ಬೆಳಗಿನ ಕಾರ್ಯಕ್ರಮ ನೋಡಿದ್ದು ಮನೆಯಲ್ಲಿ ಒಂಟಿಯಾಗಿ ಅಲ್ಲ, ಶಾಲೆಯಲ್ಲಿ. ಅಮೆರಿಕದಲ್ಲಿ 1969ರಲ್ಲಿ ಆರಂಭವಾದ 'ಸೆಸಮಿ ಸ್ಟ್ರೀಟ್' ಕಾರ್ಯಕ್ರಮವನ್ನು ಪರೀಕ್ಷಿಸಿದವರು, ತಾಯಿ ಜೊತೆಗೆ ಕುಳಿತು ನೋಡಿ ಮಾತನಾಡಿದ ಮಕ್ಕಳು ಹೆಚ್ಚು ಕಲಿತದ್ದನ್ನು ಕಂಡರು. ನಮ್ಮ ತಮಿಳುನಾಡು ಸರಕಾರವೂ 2021ರ ಅಕ್ಟೋಬರಿನಲ್ಲಿ 'ಇಲ್ಲಂ ತೇಡಿ ಕಲ್ವಿ', ಎಂದರೆ 'ಮನೆ ಹುಡುಕಿ ಬರುವ ವಿದ್ಯೆ' ಎಂಬ ಯೋಜನೆ ತೆಗೆದು, ಸಂಜೆಯ ಹೊತ್ತು ಮಕ್ಕಳ ಬಳಿಗೆ ಸ್ವಯಂಸೇವಕರನ್ನು ಕಳಿಸಿತು.

ಬೇನೆಯ ಕಾಲ ಕಳೆಯಿತು. ಆದರೆ ಜೋರು ಮಳೆ ಬಂದರೆ ಚೆನ್ನೈಯ ಶಾಲೆಗಳಿಗೆ ಈಗಲೂ ರಜೆ. ಅಂದು ಮಗುವನ್ನು ಪೆಟ್ಟಿಗೆಯ ಮುಂದೆ ಕೂರಿಸಿ ನಮ್ಮ ಕೆಲಸ ಮುಗಿಯಿತೆನ್ನಬೇಡಿ. ಪಾಠ ಮುಗಿದ ಮೇಲೆ "ಏನು ನೋಡಿದೆ, ಹೇಳು ಕಂದ" ಎಂದು ಕೇಳಿ. ಮನೆಯಲ್ಲಿ ಪುರುಸೊತ್ತಿಲ್ಲದವರು ಭಾನುವಾರ ಮಗುವನ್ನೂ ಒಂದು ಸ್ಲೇಟನ್ನೂ ಇಲ್ಲಿಗೆ ಕಳಿಸಿ. ಪ್ಯಾರೀಸ್ ಕಾರ್ನರಿನ ಗದ್ದಲದ ನಡುವೆಯೂ ಮಗುವಿನ ಮಾತಿಗೆ ಕಿವಿಗೊಡಲು ನಾವು ನಾಲ್ಕು ಜನರಿದ್ದೇವೆ. ಶುಲ್ಕವಿಲ್ಲ.