ಕ್ರೈಸ್ತ ಧರ್ಮ ಬದಲಾದ ಬಗೆ: ನಮಗೊಂದು ಕನ್ನಡಿ

(ಆಳಂದ ತಾಲ್ಲೂಕಿನ ಮಠವೊಂದರಲ್ಲಿ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಲಿಂಗಾಯತ ಮಠದಲ್ಲಿ ನಿಂತು ಕ್ರೈಸ್ತ ಧರ್ಮದ ಬಗ್ಗೆ ಮಾತನಾಡುವುದೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಕಾರಣ ಹೇಳುತ್ತೇನೆ.

ಈ ವರ್ಷ ನಾವು ಕೆಲವರು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಷ್ಟಲಿಂಗ ದೀಕ್ಷೆಯ ಅರಿವು ಮೂಡಿಸಲು ತಿರುಗಾಡಿದೆವು. ಒಂದು ಊರಿನ ಕೇರಿಯಲ್ಲಿ ಪುಟ್ಟ ಪ್ರಾರ್ಥನಾ ಮಂದಿರದ ಕಟ್ಟೆಯ ಮೇಲೆ ಒಬ್ಬ ಮುತ್ಯಾ ಕುಳಿತಿದ್ದರು. ಅವರ ಮನೆತನ ನಿಜಾಮರ ಕಾಲದಲ್ಲೇ ಮೆಥೋಡಿಸ್ಟ್ ಸಭೆಗೆ ಸೇರಿದ್ದು. ನಾನು ಬಸವಣ್ಣನವರ ಸಮಾನತೆಯ ಮಾತನ್ನು ಉತ್ಸಾಹದಿಂದ ಹೇಳಿದೆ. ಅವರು ಪೂರ್ತಿ ಕೇಳಿ ಅಂದರು: "ಮಾಸ್ತರ, ನೀವು ಲಿಂಗ ಕಟ್ಟತೀರಿ ಖರೆ. ಕಟ್ಟಿದ ಮ್ಯಾಲ ನಿಮ್ಮ ಸಾಲಿನ್ಯಾಗ ಕುಂದರಿಸಿ ಉಣಸ್ತೀರೇನ್ರಿ? ಹೆಣ್ಣು ಕೊಟ್ಟು ತರೋದು ಮಾಡ್ತೀರೇನ್ರಿ?"

ನನ್ನ ಬಾಯಿ ಕಟ್ಟಿತು. ಉತ್ತರ ಹುಡುಕುತ್ತ ಅವರ ಧರ್ಮದ ಚರಿತ್ರೆಯನ್ನೇ ಓದತೊಡಗಿದೆ. ಓದುತ್ತ ಹೋದಂತೆ ನಮ್ಮ ಮುಖವೇ ಅಲ್ಲಿ ಕಾಣತೊಡಗಿತು.

ಯೇಸು ಬಡಗಿಯ ಮನೆಯಲ್ಲಿ ಬೆಳೆದವರು. ಅವರ ಮೊದಲ ಶಿಷ್ಯರಲ್ಲಿ ಮೀನುಗಾರರಿದ್ದರು. ಆರಂಭದ ಕ್ರೈಸ್ತರು ಮನೆಗಳಲ್ಲಿ ಸೇರಿ ಪ್ರಾರ್ಥಿಸುತ್ತಿದ್ದರು. ಗುಲಾಮರೂ ಯಜಮಾನರೂ ಒಂದೇ ರೊಟ್ಟಿ ಹಂಚಿಕೊಳ್ಳುತ್ತಿದ್ದರು. ರೋಮಿನ ಅರಸರು ಅವರನ್ನು ಹಿಂಸಿಸಿದರು. ಆದರೆ ಕ್ರಿ.ಶ. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಆ ಧರ್ಮಕ್ಕೆ ಮಾನ್ಯತೆ ಕೊಟ್ಟ. 380ರಲ್ಲಿ ಅದೇ ರಾಜ್ಯದ ಧರ್ಮವಾಯಿತು. ಅರಮನೆಯ ನೆರಳು ಬಿದ್ದದ್ದೇ ತಡ, ಸಭೆಗೆ ಭೂಮಿ ಬಂತು, ಅಧಿಕಾರ ಬಂತು. ನಿನ್ನೆ ಹಿಂಸೆಗೆ ಒಳಗಾದವರು ಬೇರೆಯವರನ್ನು ಹಿಂಸಿಸುವವರಾದರು.

ನಮ್ಮ ಕಥೆ ಬೇರೆಯೇ? ಇಲ್ಲಿಂದ ಕಲ್ಯಾಣ ದೂರವಿಲ್ಲ. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಶರಣರು ತಮ್ಮ ಪ್ರಾಣವನ್ನೇ ತೆತ್ತ ನೆಲವದು. ಮುಂದೆ ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ನಮಗೂ ಅರಮನೆಯ ಆಶ್ರಯ ಸಿಕ್ಕಿತು. ಅದರಿಂದ ಚದುರಿದ ವಚನಗಳ ಸಂಗ್ರಹ ನಡೆಯಿತು, ಶೂನ್ಯಸಂಪಾದನೆಯಂಥ ಕೃತಿ ಮೂಡಿತು. ಇದು ದೊಡ್ಡ ಲಾಭ. ಆದರೆ ಕಾಲಕ್ರಮದಲ್ಲಿ ಮಠಗಳಿಗೆ ಮಾನ್ಯದ ಹೊಲ ಬಂದವು, ಪಲ್ಲಕ್ಕಿ ಬಂದವು, ಕಾಯಕದ ಹೆಸರುಗಳೇ ಜಾತಿಯ ಹೆಸರುಗಳಾಗಿ ಗಟ್ಟಿಯಾದವು.

ಸಭೆಯೊಳಗಿನಿಂದ ಪ್ರಶ್ನೆ ಎದ್ದದ್ದು 1517ರಲ್ಲಿ. ಜರ್ಮನಿಯ ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ, ಪಾಪದ ಶಿಕ್ಷೆಯಿಂದ ಬಿಡುಗಡೆಯ ಪತ್ರಗಳನ್ನು ಹಣಕ್ಕೆ ಮಾರುವುದನ್ನು ವಿರೋಧಿಸಿ 95 ವಾದಗಳನ್ನು ಮುಂದಿಟ್ಟ. 1534ರ ಹೊತ್ತಿಗೆ ಇಡೀ ಬೈಬಲ್ಲನ್ನು ಜನರಾಡುವ ಜರ್ಮನ್ ಭಾಷೆಗೆ ತಂದ. ಅಚ್ಚಿನ ಯಂತ್ರ ಆಗಷ್ಟೇ ಹರಡಿತ್ತು, ಹಾಗಾಗಿ ಅದು ಮನೆಮನೆಗೆ ತಲುಪಿತು. ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಬೇಡ, ಜನರ ಭಾಷೆಯೇ ದೇವರ ಭಾಷೆ ಎಂಬುದನ್ನು ನಮ್ಮ ಶರಣರು ಅವನಿಗಿಂತ ಮುನ್ನೂರೈವತ್ತು ವರ್ಷ ಮೊದಲೇ ಹೇಳಿದ್ದರು. ಹೆಮ್ಮೆ ಪಡೋಣ. ಆದರೆ ಇನ್ನೊಂದು ಮಾತನ್ನೂ ಗಮನಿಸಬೇಕು. 1525ರಲ್ಲಿ ರೈತರು ಬಂಡೆದ್ದಾಗ ಇದೇ ಲೂಥರ್ ದೊರೆಗಳ ಪಕ್ಷ ಹಿಡಿದ. ಸುಧಾರಕನೂ ಒಂದು ಹೊಸ್ತಿಲಿನಲ್ಲಿ ನಿಂತುಬಿಡಬಹುದು.

ಆ ಮುತ್ಯಾನ ಮೆಥೋಡಿಸ್ಟ್ ಸಭೆಯ ಮೂಲಪುರುಷ ಇಂಗ್ಲೆಂಡಿನ ಜಾನ್ ವೆಸ್ಲಿ. ಕಾರ್ಖಾನೆಗಳು ಏಳುತ್ತಿದ್ದ, ಗಣಿ ಕೂಲಿಗಳು ಚರ್ಚಿಗೆ ದೂರವಾಗಿದ್ದ ಕಾಲವದು. ಆತ 1739ರಿಂದ ಬಯಲಿನಲ್ಲೇ ನಿಂತು ಬೋಧಿಸಿದ. 1774ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಪುಸ್ತಕ ಬರೆದ. ಆದರೆ ಅಮೆರಿಕದಲ್ಲಿ ಅವನ ಅನುಯಾಯಿಗಳೇ ಗುಲಾಮರನ್ನು ಇಟ್ಟುಕೊಂಡರು. ಧರ್ಮಗ್ರಂಥದಲ್ಲೇ ಅದಕ್ಕೆ ಆಧಾರವಿದೆ ಎಂದು ಕೆಲವರು ವಾದಿಸಿದರು. ಗುಲಾಮರಿದ್ದ ಬಿಷಪ್ಪನೊಬ್ಬನ ವಿಷಯವಾಗಿ 1844ರಲ್ಲಿ ಆ ಸಭೆ ಎರಡು ಹೋಳಾಯಿತು. 1939ರಲ್ಲಿ ಮತ್ತೆ ಒಂದಾಯಿತು. ಆಗಲೂ ಕರಿಯರ ಸಭೆಗಳಿಗೆ ಬೇರೆಯೇ ಆಡಳಿತ ವಿಭಾಗ ಮಾಡಿದರು. ಅದು ತೊಲಗಿದ್ದು 1968ರಲ್ಲಿ. ಒಂದೇ ದೇವರು, ಒಂದೇ ಗ್ರಂಥ, ಆದರೆ ಸಾಲು ಬೇರೆ. ಈ ನೋಟ ನಮಗೆ ಅಪರಿಚಿತವೇ?

ನಮ್ಮ ನಾಡಿಗೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಧರ್ಮ ಬದಲಿಸಿದವರನ್ನು ಅವರ ಜಾತಿ ಹೊರಗೆ ಹಾಕುತ್ತಿತ್ತು. ಅದರೊಂದಿಗೆ ಅವರ ಕಸುಬೂ ಹೋಗುತ್ತಿತ್ತು. ಆದ್ದರಿಂದ ಮಿಷನ್ ನೇಯ್ಗೆಯ ಮಗ್ಗ ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಬೋಧನೆಗೆಂದು ಬಂದವರು ದುಡಿಮೆಯನ್ನು ಕೊಡಬೇಕಾಯಿತು. ಕಾಯಕವಿಲ್ಲದೆ ಸಮಾನತೆ ನಿಲ್ಲದು ಎಂಬ ಶರಣರ ಸತ್ಯ ಅವರಿಗೂ ಇಲ್ಲಿನ ಅನುಭವದಿಂದ ತಿಳಿಯಿತು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟ.

ಆದರೆ ಜಾತಿ ಚರ್ಚಿನೊಳಗೂ ಹೊಕ್ಕಿತು. ತಮಿಳುನಾಡಿನ ವಡಕ್ಕನ್‌ಕುಳಂ ಊರಿನ ಚರ್ಚಿನಲ್ಲಿ ಜಾತಿಗಳನ್ನು ಬೇರ್ಪಡಿಸುವ ಗೋಡೆಯೇ ಇತ್ತು. ಅದನ್ನು ಕೆಡವಿದ್ದು 1910ರಲ್ಲಿ. ಕ್ರೈಸ್ತರಾದ ದಲಿತರಿಗೆ 1950ರ ರಾಷ್ಟ್ರಪತಿ ಆದೇಶದಿಂದ ಪರಿಶಿಷ್ಟ ಜಾತಿಯ ಸೌಲಭ್ಯವೂ ತಪ್ಪಿತು. ಊರಿನಲ್ಲಿ ಅಸ್ಪೃಶ್ಯತೆ ಉಳಿಯಿತು, ಕಾಗದದಲ್ಲಿ ಜಾತಿ ಅಳಿಯಿತು. ಈ ನೋವಿನಿಂದಲೇ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ದಲಿತರ ಬದುಕಿನಿಂದಲೇ ದೇವರ ಚಿಂತನೆ ಹುಟ್ಟಬೇಕೆಂದು ವಾದಿಸಿದರು. ಅಂದಿನಿಂದ ದಲಿತ ದೇವಶಾಸ್ತ್ರವೆಂಬ ಹೊಸ ಧಾರೆ ಹರಿಯಿತು.

ಕ್ಯಾಥೊಲಿಕರೂ ಬದಲಾದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ನಿನ ಪೂಜೆ ಕನ್ನಡಕ್ಕೆ ಬಂತು. ಬೇರೆ ಧರ್ಮಗಳಲ್ಲಿರುವ ಸತ್ಯವನ್ನು ತಾವು ತಿರಸ್ಕರಿಸುವುದಿಲ್ಲ ಎಂದು ಅವರು 1965ರಲ್ಲಿ ಸಾರಿದರು. 1947ರಲ್ಲಿ ಹಲವು ಪಂಥಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. 2013ರಲ್ಲಿ ಆ ಸಭೆಯಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆ, ಪುಷ್ಪಾ ಲಲಿತಾ ಅವರು, ಬಿಷಪ್ಪರಾದರು. ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಕಂಡ ಪರಂಪರೆ ನಮ್ಮದು. ನಮ್ಮ ಎಷ್ಟು ಪೀಠಗಳಲ್ಲಿ ಇಂದು ಮಾತೆಯರಿದ್ದಾರೆ, ಎಣಿಸಿ ನೋಡಿ.

ಶರಣ ಬಂಧುಗಳೆ, ಇದರಿಂದ ನಾನು ಕಲಿತದ್ದು ಇಷ್ಟು. ಯಾವ ಧರ್ಮವೂ ಹುಟ್ಟಿದ ಹಾಗೆಯೇ ಉಳಿಯುವುದಿಲ್ಲ. ಅರಸು, ಸಂತೆ, ಅಚ್ಚಿನ ಯಂತ್ರ, ಬರ, ಕಾನೂನು ಎಲ್ಲವೂ ಅದನ್ನು ತಿದ್ದುತ್ತವೆ, ಕೆಲವೊಮ್ಮೆ ಕೆಡಿಸುತ್ತವೆ. ಕೆಟ್ಟಾಗ ಕೆಟ್ಟಿದೆ ಎಂದು ಒಪ್ಪಿ ಮೂಲದ ಬೆಳಕಿನಲ್ಲಿ ತಿದ್ದಿಕೊಳ್ಳುವವರು ಒಳಗೇ ಇದ್ದರೆ ಧರ್ಮ ಬದುಕುತ್ತದೆ. ಎಲ್ಲವೂ ಹನ್ನೆರಡನೆಯ ಶತಮಾನದಲ್ಲೇ ಮುಗಿದಿದೆ ಎಂದು ನಾವು ಕುಳಿತರೆ, ವಚನ ಹಾಡುವ ಜನರಾಗುತ್ತೇವೆ, ವಚನದಂತೆ ನಡೆಯುವ ಜನರಾಗುವುದಿಲ್ಲ. 2018ರಲ್ಲಿ ರಾಜ್ಯ ಸರ್ಕಾರ ನಮ್ಮ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿತು. ಆ ಬೇಡಿಕೆ ನನ್ನದೂ ಹೌದು. ಆದರೆ ಪ್ರತ್ಯೇಕತೆಗೆ ಸಾಕ್ಷಿ ಸರ್ಕಾರದ ಕಾಗದವಲ್ಲ, ನಮ್ಮ ಪಂಕ್ತಿ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನನ್ನ ಮಗಳಿಗೆ ವರ ನೋಡುವಾಗ ಒಳಪಂಗಡ ಯಾವುದೆಂದು ಮೊದಲು ಕೇಳಿದವನು ನಾನೇ. ವೇದಿಕೆಯ ಮೇಲೆ ಬಸವಣ್ಣ, ಮನೆಯ ಪಡಸಾಲೆಯಲ್ಲಿ ಪಂಗಡ. ಆ ಮುತ್ಯಾನ ಪ್ರಶ್ನೆಗೆ ನನ್ನ ಬಾಯಿ ಕಟ್ಟಿದ್ದು ಅದಕ್ಕೇ.

ಆದ್ದರಿಂದ ಮೂರು ಬಿನ್ನಹ. ದೀಕ್ಷೆ ಪಡೆದವರ ಹಿಂದಿನ ಜಾತಿಯನ್ನು ಯಾರೂ ಕೇಳಕೂಡದು. ಮಠದ ದಾಸೋಹದ ಸಾಲು ಮನೆಯ ಮದುವೆಯ ಊಟದಲ್ಲೂ ಇರಲಿ. ನಮ್ಮ ರುದ್ರಭೂಮಿಯಲ್ಲಿ ಲಿಂಗವಂತರಾದ ಎಲ್ಲರಿಗೂ ಜಾಗವಿರಲಿ. ಇವು ಕೇರಿಯವರನ್ನು ಸೆಳೆಯುವ ಉಪಾಯಗಳಲ್ಲ. ಮುತ್ಯಾ ತನ್ನ ಸಭೆಯಲ್ಲಿ ನೆಮ್ಮದಿಯಿಂದಿದ್ದರೆ ಅಲ್ಲೇ ಇರಲಿ. ಇವು ನಮ್ಮ ಉಳಿವಿಗೆ ಬೇಕಾದವು.

ಮುಂದಿನ ಬಸವ ಜಯಂತಿಯ ಹೊತ್ತಿಗೆ ಆ ಕೇರಿಗೆ ಮತ್ತೆ ಹೋಗಬೇಕೆಂದಿದ್ದೇನೆ. ಉಪನ್ಯಾಸಕ್ಕಲ್ಲ, ಮುತ್ಯಾನನ್ನೂ ಅವರ ಮನೆಯವರನ್ನೂ ನಮ್ಮ ಮನೆಗೆ ಊಟಕ್ಕೆ ಕರೆಯಲು. ನಿಮ್ಮಲ್ಲಿ ಯಾರಾದರೂ ಜೊತೆಗೆ ಬರುವುದಾದರೆ, ಗೋಷ್ಠಿ ಮುಗಿದ ಮೇಲೆ ಹೆಸರು ಹೇಳಿ.